1949ರ ಮೈಕು ನಮ್ಮ ಮೇಜಿನ ಮೇಲೆ

ಒಳ್ಳೇ ಪ್ರಶ್ನೆ ಕೇಳಿದ್ರಿ ಮೇಷ್ಟ್ರೇ. ಅಂಗಡಿಗೆ ಹೋದರೆ ಕೆಲವೇ ಸಾವಿರಕ್ಕೆ ಚೊಕ್ಕವಾದ ಮೈಕು ಸಿಗುವ ಕಾಲದಲ್ಲಿ, ಎಪ್ಪತ್ತೈದು ವರ್ಷಕ್ಕೂ ಹಳೆಯ ಜರ್ಮನ್ ಮೈಕೊಂದನ್ನು ಮನೆಯಲ್ಲಿ ಕೂತು ಬೆಸುಗೆ ಹಾಕಿ ಮತ್ತೆ ಕಟ್ಟೋದು ಯಾಕೆ? ಕಿಟಕಿಯಿಂದ ನಿಮಗೆ ಕಂಡ ಆ ಹಿತ್ತಾಳೆ ಕೊಳವೆ, ತಂತಿಬಲೆಯ ತಲೆ, ಒಳಗಿನ ವಾಲ್ವ್ ಎಲ್ಲಾ ಸೇರಿ ಆಗೋದು ಒಂದೇ ಒಂದು ಮೈಕು. ದುಡ್ಡು ಉಳಿಸೋಕೆ ಮಾಡ್ತಿರೋದಲ್ಲ. ಅಸಲಿ ಮೈಕಿಗೆ ಈಗ ಲಕ್ಷಗಳ ಲೆಕ್ಕ, ನಿಜ. ಅದರ ಮುಂದೆ ಇದು ಅಗ್ಗವೇ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಬೇರೆ ವಿಷಯ. ಆ ಮೈಕಿನ ಒಳಗಿರೋ ಒಂದೊಂದು ವಸ್ತುವಿಗೂ ಒಂದೊಂದು ಕಾರಣ ಇದೆ. ಆ ಕಾರಣ ತಿಳಿಯದೆ ಬರೀ ವಸ್ತುವನ್ನು ನಕಲು ಮಾಡಿದರೆ ಮೈಕು ಮೈಕಿನ ಹಾಗೆ ಕಾಣುತ್ತೆ, ಅಷ್ಟೇ. ಗೋಡೆ ಹತ್ತಿರ ಬನ್ನಿ, ಬಿಸಿಲು ಇಳಿದಿದೆ, ನಿಧಾನವಾಗಿ ಹೇಳ್ತೀನಿ.

ಇದರ ಮೂಲ ನಾಯ್ಮನ್ ಯು 47. ಗೇಯೋರ್ಗ್ ನಾಯ್ಮನ್ ಅನ್ನೋರು 1928ರಲ್ಲಿ ಬರ್ಲಿನ್ನಿನಲ್ಲಿ ಕಂಪನಿ ಶುರು ಮಾಡಿದ್ರು. ಅವರ ಮೊದಲ ಮೈಕು ಸಿಎಂವಿ 3. ನೋಡೋಕೆ ಸೀಸೆ ಥರ ಇದ್ದದ್ದರಿಂದ ನಾಯ್ಮನ್ ಸೀಸೆ ಅಂತಲೇ ಹೆಸರಾಯ್ತು. 1943ರಲ್ಲಿ ಬಾಂಬ್ ದಾಳಿಗೆ ಬರ್ಲಿನ್ನಿನ ಕಾರ್ಖಾನೆ ಸಿಕ್ಕಿಕೊಂಡಾಗ ಕೆಲಸವನ್ನೆಲ್ಲ ತ್ಯೂರಿಂಗಿಯಾದ ಗೇಫೆಲ್ ಅನ್ನೋ ಸಣ್ಣ ಊರಿಗೆ ಸಾಗಿಸಿದ್ರು. ಯುದ್ಧ ಮುಗಿಯಿತು, ದೇಶ ಇಬ್ಭಾಗವಾಯ್ತು, ಗೇಫೆಲ್ ರಷ್ಯನ್ನರ ಕಡೆ ಉಳಿಯಿತು. ನಾಯ್ಮನ್ ಪಶ್ಚಿಮ ಬರ್ಲಿನ್ನಿನಲ್ಲಿ ಮತ್ತೆ ಅಂಗಡಿ ತೆರೆದು 1949ರಲ್ಲಿ ಯು 47 ಹೊರತಂದ್ರು. ಹೊರದೇಶಗಳಿಗೆ ಅದು ಹೋಗಿದ್ದು ಟೆಲಿಫುಂಕೆನ್ ಕಂಪನಿಯ ಬಿಲ್ಲೆ ಹೊತ್ತು. ಅಮೆರಿಕದಲ್ಲಿ ಫ್ರಾಂಕ್ ಸಿನಾತ್ರಾ ಹಾಡಿದ್ದು ಅದರ ಮುಂದೆ. ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಬೀಟಲ್ಸ್ ಹುಡುಗರ ಗಂಟಲು ಹಿಡಿದದ್ದು ಅದೇ ಮೈಕು ಮತ್ತು ಅದರ ತಮ್ಮ ಯು 48. ಆ ಕಾಲದ ಹಾಡು ಕೇಳಿದಾಗ ಹಾಡುಗಾರ ನಮ್ಮ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದಾನೆ ಅನ್ನಿಸುತ್ತಲ್ಲ, ಅದರಲ್ಲಿ ಈ ಮೈಕಿನ ಪಾಲು ದೊಡ್ಡದು.

ಕಂಪನಿ ಚರಿತ್ರೆ ಹಾಗಿರಲಿ, ಒಳಗೇನಿದೆ ಅಂತೀರಾ? ಮೂರು ಮುಖ್ಯ ವಸ್ತು ಇವೆ: ದನಿ ಹಿಡಿಯೋ ಕ್ಯಾಪ್ಸೂಲು, ಅದರ ಸಂಕೇತಕ್ಕೆ ಬಲ ಕೊಡೋ ಒಂದು ವಾಲ್ವ್, ಒಂದು ಟ್ರಾನ್ಸ್‌ಫಾರ್ಮರ್. ಮಿಕ್ಕಿದ್ದು ಹತ್ತು ಹನ್ನೆರಡು ರೆಸಿಸ್ಟರು ಕೆಪಾಸಿಟರು. ಇಡೀ ಸರ್ಕ್ಯೂಟನ್ನು ಪೋಸ್ಟ್‌ಕಾರ್ಡಿನ ಹಿಂದೆ ಬರೆಯಬಹುದು. ಎಕೆಜಿ ಸಿ 12, ಟೆಲಿಫುಂಕೆನ್ ಎಲಾ ಎಂ 251 ಅಂತ ಆ ಕಾಲದ ಇನ್ನೂ ಎರಡು ಮಹಾನ್ ವಾಲ್ವ್ ಮೈಕುಗಳಿವೆ, ಅವನ್ನೂ ಜನ ಮನೆಯಲ್ಲಿ ಕಟ್ಟುತ್ತಾರೆ. ನಾನು ಯು 47 ಆರಿಸಿದ್ದು ಅದರ ಸರ್ಕ್ಯೂಟು ಇಷ್ಟು ಚಿಕ್ಕದು ಅನ್ನೋ ಕಾರಣಕ್ಕೇ. ಇಷ್ಟು ಕಡಿಮೆ ವಸ್ತುವಿದ್ದಾಗ ಯಾವುದೂ ಇನ್ನೊಂದರ ಹಿಂದೆ ಅಡಗಿಕೊಳ್ಳೋ ಹಾಗಿಲ್ಲ.

ಮೊದಲು ಕ್ಯಾಪ್ಸೂಲಿಗೆ ಬರ್ತೀನಿ. ಮೂಲದ್ದರ ಹೆಸರು ಎಂ 7. ಹಿತ್ತಾಳೆಯ ದುಂಡು ಬಿಲ್ಲೆ, ಅದರ ತುಂಬ ಲೆಕ್ಕ ಹಾಕಿ ಕೊರೆದ ತೂತುಗಳು, ಮೇಲೆ ಎರಡು ಕಡೆಯೂ ಚಿನ್ನ ಲೇಪಿಸಿದ ಪ್ಲಾಸ್ಟಿಕ್ ಪೊರೆ. ಪೊರೆಯ ದಪ್ಪ ಮೈಕ್ರಾನ್ ಲೆಕ್ಕದ್ದು, ನಮ್ಮ ಕೂದಲಿಗಿಂತ ಎಷ್ಟೋ ತೆಳು. ಪೊರೆ ಒಂದು ಫಲಕ, ಬಿಲ್ಲೆ ಇನ್ನೊಂದು ಫಲಕ. ಎರಡೂ ಸೇರಿ ಕೆಪಾಸಿಟರ್ ಆಯ್ತು. ಅದರ ಮೇಲೆ 60 ವೋಲ್ಟಿನ ಆಸುಪಾಸು ಒತ್ತಡ ಇಟ್ಟಿರುತ್ತೆ. ದನಿ ತಾಗಿ ಪೊರೆ ಅಲುಗಿದರೆ ನಡುವಿನ ಸಂದು ಹೆಚ್ಚುಕಡಿಮೆಯಾಗಿ ಆ ವೋಲ್ಟೇಜೂ ಜೊತೆಗೇ ಅಲುಗುತ್ತೆ. ಹೀಗೆ ಎರಡು ಪೊರೆ, ನಡುವೆ ತೂತಿನ ಬಿಲ್ಲೆ ಇಟ್ಟರೆ ಮುಂದಿನ ದನಿ ಕೇಳಿ ಹಿಂದಿನದನ್ನು ಬಿಡೋ ಹಾಗೆ ಮಾಡಬಹುದು ಅಂತ ಕಂಡುಕೊಂಡೋರು ಜರ್ಮನ್ ರೇಡಿಯೋದ ಬ್ರೌನ್‌ಮ್ಯೂಲ್ ಮತ್ತು ವೆಬರ್, 1930ರ ದಶಕದಲ್ಲಿ. ಅದೇ ವಾಲ್ಟರ್ ವೆಬರ್ 1940ರಲ್ಲಿ ಟೇಪ್ ರೆಕಾರ್ಡಿಂಗಿಗೆ ಹೈ ಫ್ರೀಕ್ವೆನ್ಸಿ ಬಯಾಸ್ ಅಳವಡಿಸಿ ಟೇಪಿನ ಗೊರಗೊರವನ್ನು ಎಷ್ಟೋ ಕಡಿಮೆ ಮಾಡಿದ್ರು. ಅಂದರೆ ಹಿಡಿಯೋ ಮೈಕು, ಇಟ್ಟುಕೊಳ್ಳೋ ಟೇಪು, ಎರಡರ ಹಿಂದೆಯೂ ಒಬ್ಬರೇ ಕೆಲಸಗಾರರು.

ಕ್ಯಾಪ್ಸೂಲನ್ನೂ ಮನೆಯಲ್ಲೇ ಮಾಡಬಾರದಾ ಅಂತ ಕೇಳಬೇಡಿ. ಮೃದಂಗದ ಮುಚ್ಚಿಗೆ ಬಿಗಿಯೋರ ಕೈ ನೋಡಿದ್ದೀರಲ್ಲ. ಸುತ್ತಲೂ ಒಂದೇ ಬಿಗಿ ಬರೋವರೆಗೆ ಅವರು ಬಿಡೋದಿಲ್ಲ. ಇಲ್ಲೂ ಅದೇ, ಆದರೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯ ಮೇಲೆ, ಒಂದು ಧೂಳಿನ ಕಣವೂ ಇಲ್ಲದ ಕೋಣೆಯಲ್ಲಿ. ಇದನ್ನು ಬಾಳೆಲ್ಲ ಮಾಡಿಕೊಂಡು ಬಂದ ಕೈಗಳಿಂದ ಕೊಂಡುಕೊಳ್ಳೋದೇ ಮರ್ಯಾದೆ. ಆದರೆ ಕೊಳ್ಳೋವಾಗಲೂ ತಿಳಿದಿರಬೇಕಾದದ್ದು ಇದೆ. ಎಂ 7ರ ಪೊರೆ ಪಿವಿಸಿಯದ್ದು, ಬಿಲ್ಲೆಗೆ ಅಂಟಿಸಿದ್ದು. ಪಿವಿಸಿ ವರ್ಷಗಳು ಕಳೆದ ಹಾಗೆ ಒಣಗಿ ಗಡುಸಾಗುತ್ತೆ. ಅದಕ್ಕೇ ನಾಯ್ಮನ್ನರು ಆಮೇಲೆ ಪಾಲಿಯೆಸ್ಟರ್ ಪೊರೆಯನ್ನು ತಿರುಪಿನಿಂದ ಬಿಗಿಯೋ ಕೆ 47 ತಂದ್ರು. ಪೂರ್ವದಲ್ಲಿ ಉಳಿದ ಗೇಫೆಲ್ಲಿನ ಕಾರ್ಖಾನೆ ಮಾತ್ರ ಆಮೇಲೂ ದಶಕಗಳ ಕಾಲ ಪಿವಿಸಿಯ ಎಂ 7 ಮಾಡುತ್ತಲೇ ಬಂತು. ಹೀಗಾಗಿ ಯು 47 ಅಂದರೆ ಒಂದೇ ದನಿ ಅಲ್ಲ. ಎಂ 7 ಇದ್ದದ್ದು ಒಂದು ಥರ, ಕೆ 47 ಇದ್ದದ್ದು ಇನ್ನೊಂದು. ಯಾವುದನ್ನು ನಕಲು ಮಾಡ್ತಿದ್ದೀವಿ ಅಂತ ಮೊದಲೇ ತೀರ್ಮಾನ ಆಗಬೇಕು. ನಾನು ಕೆ 47 ಮಾದರಿ ತರಿಸಿದೆ. ನಮ್ಮ ಮಳೆಗಾಲ ಬೇಸಿಗೆ ಎರಡನ್ನೂ ತಡೆದುಕೊಂಡು ಬಾಳಬೇಕಲ್ಲ.

ಇನ್ನು ವಾಲ್ವ್ ಯಾಕೆ ಮೈಕಿನ ಹೊಟ್ಟೆಯಲ್ಲೇ ಇರಬೇಕು? ಕ್ಯಾಪ್ಸೂಲಿನಿಂದ ಬರೋ ಸಂಕೇತದ ಹಿಂದೆ ಶಕ್ತಿಯೇ ಇಲ್ಲ. ಅದರ ಕೆಪಾಸಿಟಿ ಪಿಕೋಫ್ಯಾರಡ್ ಲೆಕ್ಕದ್ದು. ನಾಲ್ಕು ಮೀಟರ್ ವೈರು ಸೇರಿಸಿದರೂ ವೈರೇ ಅದನ್ನು ನುಂಗಿಹಾಕುತ್ತೆ. ಅದಕ್ಕೆ ಬೆರಳಗಲದ ದೂರದಲ್ಲೇ ವಾಲ್ವಿನ ಗ್ರಿಡ್, ಅಂದರೆ ಸಂಕೇತ ಒಳಗೆ ಹೋಗೋ ಬಾಗಿಲು, ಕಾದಿರಬೇಕು. ಆ ಗ್ರಿಡ್‌ನಿಂದ ನೆಲಕ್ಕೆ ಇರೋ ರೆಸಿಸ್ಟರು 60 ಮೆಗಾಓಮು. ಕ್ಯಾಪ್ಸೂಲಿಗೆ ವೋಲ್ಟೇಜು ಹೋಗೋದು 100 ಮೆಗಾಓಮಿನ ಮೂಲಕ. ನೀವು ಶಾಲೆಯಲ್ಲಿ ಓಮ್ ನಿಯಮ ಹೇಳಿಕೊಟ್ಟೋರು, ನಿಮಗೆ ತಕ್ಷಣ ಹೊಳೆಯುತ್ತೆ: ಮಾಮೂಲಿ ಡಿಜಿಟಲ್ ಮೀಟರಿನ ಒಳ ರೋಧವೇ 10 ಮೆಗಾಓಮು. ಅದರ ಕಡ್ಡಿ ಅಲ್ಲಿ ಇಟ್ಟ ಕ್ಷಣವೇ ಮೀಟರು ತಾನೇ ದಾರಿಯಾಗಿ ಸುಳ್ಳು ಅಂಕೆ ತೋರಿಸುತ್ತೆ. ಬೆರಳಿನ ಬೆವರಿನ ಗೆರೆ, ತೊಳೆಯದೆ ಬಿಟ್ಟ ಬೆಸುಗೆಯ ರಾಳ, ಮಳೆಗಾಲದ ತೇವ, ಇವೂ ಹಾಗೇ ದಾರಿಗಳಾಗಿಬಿಡುತ್ತವೆ. ಆಮೇಲೆ ಹಾಡಿನ ನಡುವೆ ಚಟಪಟ ಸದ್ದು. ಅದಕ್ಕೆ ಆ ಜಾಗದ ಕೊಂಡಿಗಳನ್ನೆಲ್ಲ ಟೆಫ್ಲಾನ್ ಗೂಟಗಳ ಮೇಲೆ ಗಾಳಿಯಲ್ಲೇ ಕಟ್ಟೋದು. ಆದಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬ್ರಶ್ ಅದ್ದಿ ತೊಳೆದು, ಒಣಗಿಸಿ, ಆಮೇಲೆ ಬರಿಗೈಯಲ್ಲಿ ಮುಟ್ಟದೇ ಇರೋದು. ಅರ್ಧ ಕೆಲಸ ಇಲ್ಲಿ ಶುಚಿತ್ವವೇ.

ಈಗ ನನಗೆ ತುಂಬ ಪ್ರೀತಿಯ ಭಾಗಕ್ಕೆ ಬಂದೆ, ವಾಲ್ವು. ಯು 47ರ ವಾಲ್ವ್ ಟೆಲಿಫುಂಕೆನ್ನಿನ ವಿಎಫ್ 14. ಗಾಜಿನದಲ್ಲ, ಉಕ್ಕಿನ ಟೋಪಿಯದು. ಇದನ್ನು ಮೈಕಿಗೆ ಅಂತ ಯಾರೂ ಮಾಡಿರಲಿಲ್ಲ, ಇದು ರೇಡಿಯೋ ವಾಲ್ವು. ಯುರೋಪಿನ ಹೆಸರಿನಲ್ಲಿ ಮೊದಲ ಅಕ್ಷರ ವಾಲ್ವಿಗೆ ಒಳಗಿಂದ ಬಿಸಿ ಕೊಡೋ ಹೀಟರಿನ ಗುರುತು: ಇ ಅಂದರೆ 6.3 ವೋಲ್ಟು, ವಿ ಅಂದರೆ 50 ಮಿಲಿಆಂಪಿಯರ್. ಮನೆಯ ಕರೆಂಟು ಎಸಿಯಾದರೂ ಡಿಸಿಯಾದರೂ ಓಡಲಿ ಅಂತ ಮಾಡಿದ ರೇಡಿಯೋಗಳಲ್ಲಿ ವಾಲ್ವುಗಳ ಹೀಟರುಗಳನ್ನು ಸಾಲಾಗಿ ಪೋಣಿಸುತ್ತಿದ್ದರು. ಅಲ್ಲಿಗೆ ಕಡಿಮೆ ಕರೆಂಟು ಹೆಚ್ಚು ವೋಲ್ಟೇಜಿನ ಹೀಟರು ಬೇಕಿತ್ತು. ವಿಎಫ್ 14ರದ್ದು 55 ವೋಲ್ಟು. ನಾಯ್ಮನ್ನರ ಎಂಜಿನಿಯರುಗಳು ಇದರಲ್ಲಿ ಬೇರೆಯದೇ ಲಾಭ ಕಂಡರು. ವಾಲ್ವಿನ ಪ್ಲೇಟಿಗೆ ಹೇಗೂ 105 ವೋಲ್ಟು ಕಳಿಸಬೇಕು. ಅದೇ 105ರಿಂದ ಒಂದು ರೆಸಿಸ್ಟರ್ ದಾಟಿಸಿ ಹೀಟರನ್ನೂ ಉರಿಸಿದರೆ ಪವರ್ ಸಪ್ಲೈಯಿಂದ ಒಂದೇ ವೋಲ್ಟೇಜು ಬಂದರೆ ಸಾಕು.

ಲೆಕ್ಕ ನೀವೇ ಮಾಡಿ ಮೇಷ್ಟ್ರೇ. ಆ ರೆಸಿಸ್ಟರು 1780 ಓಮು. ಹೀಟರಿಗೆ ಅವರು 55 ಕೊಡಲಿಲ್ಲ, ಸುಮಾರು 36 ವೋಲ್ಟು ಮಾತ್ರ ಕೊಟ್ಟರು, ಅರೆ ಉರಿಯಲ್ಲಿ ವಾಲ್ವಿನ ಗದ್ದಲ ಕಡಿಮೆ, ಬಾಳಿಕೆ ಜಾಸ್ತಿ ಅಂತ. 105ರಲ್ಲಿ 36 ಕಳೆದರೆ 69. ಕರೆಂಟು 38, 39 ಮಿಲಿಆಂಪಿಯರ್ ಬರುತ್ತೆ. ಆ ರೆಸಿಸ್ಟರಿನಲ್ಲಿ ಎರಡೂವರೆ ವ್ಯಾಟಿಗಿಂತ ತುಸು ಹೆಚ್ಚು ಬಿಸಿ ಹುಟ್ಟುತ್ತೆ. ಅದರಿಂದ ಮೈಕಿನ ಒಡಲು ಬೆಚ್ಚಗಿದ್ದು ತೇವ ದೂರ ಇರುತ್ತೆ. ಇನ್ನೂ ಇದೆ. ಅದೇ ಹೀಟರ್ ಕರೆಂಟನ್ನು ವಾಪಸು ಹೋಗೋ ದಾರಿಯಲ್ಲಿ 29 ಓಮಿನ ಪುಟ್ಟ ರೆಸಿಸ್ಟರ್ ಮೂಲಕ ಹಾಯಿಸಿದ್ದಾರೆ. ಅಲ್ಲಿ ನಿಲ್ಲೋದು 1.1 ವೋಲ್ಟು. ವಾಲ್ವಿನ ಕ್ಯಾಥೋಡಿಗೆ ಬೇಕಾದ ಬಯಾಸು, ಅಂದರೆ ಅದು ಸರಿಯಾಗಿ ಕೆಲಸ ಮಾಡೋಕೆ ಬೇಕಾದ ಸ್ಥಿರ ವೋಲ್ಟೇಜು, ಅದೇ! ಬೇರೆ ಸರ್ಕ್ಯೂಟುಗಳಲ್ಲಿ ಕ್ಯಾಥೋಡಿಗೆ ದೊಡ್ಡ ರೆಸಿಸ್ಟರು, ಅದರ ಪಕ್ಕಕ್ಕೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರು ಇಡಬೇಕು. ಇಲ್ಲಿ ದನಿಯ ದಾರಿಯಲ್ಲಿ ಆ ಕೆಪಾಸಿಟರಿನ ಕೆಲಸವೇ ಇಲ್ಲ. ಒಂದು ರೇಡಿಯೋ ವಾಲ್ವಿನ ಹೀಟರು ಪವರ್ ಸಪ್ಲೈಯನ್ನೂ ಸರಳ ಮಾಡಿತು, ಮೈಕನ್ನೂ ಒಣಗಿಸಿತು, ಬಯಾಸನ್ನೂ ಒದಗಿಸಿತು. ಇದನ್ನು ಮೊದಲ ಸಲ ಕಾಗದದ ಮೇಲೆ ಬಿಡಿಸಿ ನೋಡಿದಾಗ ನನಗೆ ಆದ ಸಂತೋಷ ಇನ್ನೂ ಹಾಗೇ ಇದೆ.

ಆದರೆ ಇಷ್ಟು ಚೆನ್ನಾಗಿ ಒಂದು ವಾಲ್ವಿಗೆ ಹೊಂದಿಕೊಂಡ ಮೈಕಿಗೆ ಆ ವಾಲ್ವು ಹೋದರೆ ಗತಿಯೇನು? ಹಾಗೇ ಆಯ್ತು. 1950ರ ದಶಕ ಮುಗಿಯೋ ಹೊತ್ತಿಗೆ ಟೆಲಿಫುಂಕೆನ್ ವಿಎಫ್ 14 ಮಾಡೋದು ನಿಲ್ಲಿಸಿತು. ಅದರಲ್ಲೂ ನಾಯ್ಮನ್ನರಿಗೆ ಎಲ್ಲಾ ವಾಲ್ವೂ ನಡೆಯುತ್ತಿರಲಿಲ್ಲ; ಗದ್ದಲ ಕಡಿಮೆ ಇರೋದನ್ನು ಆರಿಸಿ, ಎಂ ಗುರುತು ಹಾಕಿ ಬಳಸೋರು. ದಾಸ್ತಾನು ಕರಗುತ್ತಾ ಬಂತು. ಅವರು 1960ರಲ್ಲಿ ಇಎಫ್ 86 ವಾಲ್ವಿನ ಸುತ್ತ ಯು 67 ಅಂತ ಬೇರೆಯದೇ ಮೈಕು ತಂದರು. ಹಳೇ ಯು 47 ಇದ್ದೋರಿಗೆ ಅಂತ ನುವಿಸ್ಟರ್ ಅನ್ನೋ ಪುಟ್ಟ ಲೋಹದ ವಾಲ್ವ್ ಕೂರಿಸಿದ ಬದಲಿಯನ್ನೂ ಕೊಟ್ಟರು. 1965ರಲ್ಲಿ ಯು 47 ನಿಂತೇಹೋಯ್ತು. ಯೋಚನೆ ಮಾಡಿ, ಅದನ್ನು ಹುಟ್ಟಿಸಿದೋರಿಗೇ ಅದನ್ನು ಮತ್ತೆ ಇದ್ದ ಹಾಗೇ ಮಾಡೋಕೆ ಆಗಲಿಲ್ಲ. ಅಂದಮೇಲೆ ನಮ್ಮ ಥರ ಮನೆಯಲ್ಲಿ ಕಟ್ಟೋರು ಇದ್ದ ಹಾಗೇ ಮಾಡ್ತೀವಿ ಅಂತ ಹಟ ಹಿಡಿದರೆ ಅರ್ಥವಿಲ್ಲ. ಒಂದು ಒಳ್ಳೇ ವಿಎಫ್ 14ಕ್ಕೇ ಈಗ ಲಕ್ಷದ ಮಾತು. ಅದನ್ನು ಅಸಲಿ ಮೈಕು ಇಟ್ಟುಕೊಂಡಿರೋರಿಗೆ ಬಿಡೋದು ನ್ಯಾಯ ಅಂತ ನನ್ನ ಅಭಿಪ್ರಾಯ.

ಹಾಗಾದರೆ ದಾರಿ? ವಸ್ತು ಸಿಗದಿದ್ದರೆ ಕಾರಣವನ್ನು ಉಳಿಸಿಕೊಳ್ಳೋದು. ನಾನು ಇಎಫ್ 86 ತಗೊಂಡೆ. ಅದರ ಹೀಟರು 6.3 ವೋಲ್ಟು, 200 ಮಿಲಿಆಂಪಿಯರು. ಇದನ್ನು 105 ವೋಲ್ಟಿನಿಂದ ರೆಸಿಸ್ಟರ್ ಮೂಲಕ ಉರಿಸೋಣ ಅಂದರೆ ಮೈಕಿನ ಒಳಗೆ ಇಪ್ಪತ್ತು ವ್ಯಾಟಿನ ಹತ್ತಿರ ಬಿಸಿ. ಕೈಯಲ್ಲಿ ಹಿಡಿಯೋ ಹಾಗಿರೋದಿಲ್ಲ. ಆದ್ದರಿಂದ ಹೀಟರಿಗೆ ಪವರ್ ಸಪ್ಲೈಯಿಂದಲೇ ಬೇರೆ ತಂತಿ ಬಂತು. ಬಯಾಸಿನ ಉಪಾಯ ಮಾತ್ರ ಬಿಡಲಿಲ್ಲ. ಹೀಟರ್ ಕರೆಂಟು 0.2 ಆಂಪಿಯರು, ಬೇಕಾದದ್ದು 1.1 ವೋಲ್ಟು, ಭಾಗಿಸಿದರೆ ಐದೂವರೆ ಓಮು. 29ರ ಜಾಗಕ್ಕೆ 5.5 ಬಂದು ಕೂತಿತು. ಅಂಕೆ ಬದಲಾಯ್ತು, ಉಪಾಯ ಅದೇ ಉಳಿಯಿತು, ಎಲೆಕ್ಟ್ರೋಲಿಟಿಕ್ ಈಗಲೂ ಬೇಡ. ಆ ಕರೆಂಟು ಕ್ಯಾಥೋಡನ್ನೇ ಮುಟ್ಟಿಕೊಂಡು ಹೋಗೋದರಿಂದ ಹೀಟರಿನ ಡಿಸಿ ಅಪ್ಪಟವಾಗಿರಬೇಕು, ಒಳ್ಳೇ ರೆಗ್ಯುಲೇಟರ್ ಬೇಕು. ಇಲ್ಲದಿದ್ದರೆ ಗುಂಯ್ ಅನ್ನುತ್ತೆ. ಮೂಲದಲ್ಲಿ ಐದು ಎಲೆಕ್ಟ್ರೋಡಿನ ಪೆಂಟೋಡ್ ವಾಲ್ವನ್ನು ಮೂರೇ ಇರೋ ಟ್ರಯೋಡಿನ ಹಾಗೆ ಕಟ್ಟಿದ್ದರು, ಇಲ್ಲೂ ಹಾಗೇ.

ವಾಲ್ವುಗಳ ಮಾತು ಬಂದಾಗ ನಮ್ಮೂರಿನ ಹೆಸರು ಹೇಳದೆ ಇರೋಕಾಗಲ್ಲ. 1954ರಲ್ಲಿ ಶುರುವಾದ ನಮ್ಮ ಜಾಲಹಳ್ಳಿಯ ಬಿಇಎಲ್ 1961ರಿಂದ ರೇಡಿಯೋ ವಾಲ್ವುಗಳನ್ನು ಮಾಡ್ತಿತ್ತು. ನಮ್ಮ ಅಜ್ಜ ಅಪ್ಪಂದಿರ ಕಾಲದ ರೇಡಿಯೋಗಳ ಹಿಂಬದಿಯ ರಟ್ಟು ತೆಗೆದರೆ ಆ ಮೂರಕ್ಷರ ಕಾಣೋದು ಅಪರೂಪವೇನಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯ ಹಳೇ ಅಂಗಡಿಗಳು, ಬಿವಿಕೆ ಅಯ್ಯಂಗಾರ್ ರಸ್ತೆ ಕಡೆಯ ಸಂಡೇ ಬಜಾರು, ಇಲ್ಲೆಲ್ಲ ಕಣ್ಣಿಟ್ಟು ನಡೆಯೋದು ನನಗೆ ಅಭ್ಯಾಸ. ಹಳೇ ವಾಲ್ವ್ ಸಿಕ್ಕರೆ ಸಾಲದು, ಆರಿಸಬೇಕು. ಒಂದಷ್ಟು ಹೊತ್ತು ಉರಿಸಿ, ಹೆಡ್‌ಫೋನಿನಲ್ಲಿ ಅದರ ಮೌನವನ್ನೇ ಕೇಳಬೇಕು. ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿ, ಗಂಟೆ ಹೊಡೆದ ಹಾಗೆ ಅನುರಣಿಸೋದನ್ನ ಪಕ್ಕಕ್ಕಿಡಬೇಕು. ರೇಡಿಯೋದಲ್ಲಿ ಚೆನ್ನಾಗಿ ನಡೆಯೋ ಎಷ್ಟೋ ವಾಲ್ವು ಮೈಕಿಗೆ ಆಗೋದಿಲ್ಲ.

ಟ್ರಾನ್ಸ್‌ಫಾರ್ಮರನ್ನು ಇಲ್ಲೇ ಸುತ್ತಿಸಬಹುದಲ್ಲ ಅಂತೀರಿ. ಪವರ್ ಸಪ್ಲೈಯದನ್ನು ಇಲ್ಲೇ ಸುತ್ತಿಸಿದ್ದೀನಿ, ಚೊಕ್ಕವಾಗಿದೆ. ಮೈಕಿನೊಳಗಿನದು ಬೇರೆ ಜಾತಿ. ಮೂಲದ ಬಿವಿ 8 ಅನ್ನೋದು ಸಂಕೇತವನ್ನು ಆರೂವರೆಗೆ ಒಂದರ ಹತ್ತಿರದ ಅನುಪಾತದಲ್ಲಿ ಇಳಿಸಿ, ಉದ್ದ ಕೇಬಲ್ಲಿನಲ್ಲಿ ಸುಸ್ತಾಗದೆ ಹೋಗೋ ಹಾಗೆ ಮಾಡುತ್ತೆ. ಒಳಗೆ ಲೋಹದ ತಗಡು, ಮೇಲೆ ನವಿರಾದ ತಂತಿ. ಅದರ ತಗಡು, ಸುತ್ತಿನ ಕ್ರಮ ಬದಲಾದರೆ ತಳದ ಸ್ವರವೂ ಬದಲಾಗುತ್ತೆ. ಎದೆಯಿಂದ ಬರೋ ದನಿಗೆ ಯು 47 ಕೊಡೋ ಭಾರ ಒಂದಿದೆಯಲ್ಲ, ಅದರಲ್ಲಿ ಅರ್ಧ ಈ ಟ್ರಾನ್ಸ್‌ಫಾರ್ಮರಿನದೇ ಅಂತ ನನಗೆ ಅನ್ನಿಸುತ್ತೆ. ಹೀಗಾಗಿ ಕ್ಯಾಪ್ಸೂಲಿನ ಹಾಗೆ ಇದನ್ನೂ ಹೊರಗಿನಿಂದ ತರಿಸಿದೆ. ದುಡ್ಡು ಹಾಕಬೇಕಾದ್ದು ಈ ಎರಡಕ್ಕೆ. ಮಿಕ್ಕಿದ್ದಕ್ಕೆ ಜಾಣ್ಮೆ ಸಾಕು.

ತಂತಿಬಲೆ ಅಂದ ಚೆಂದಕ್ಕೆ ಅಂತ ಅಂದುಕೊಂಡಿರಾ? ಅದೂ ದನಿಯ ಭಾಗವೇ. ಬಲೆ ಸಣ್ಣದಾಗಿ ದಟ್ಟವಾದರೆ ಹೊಕ್ಕ ದನಿ ಒಳಗೇ ಪುಟಿದು ಕ್ಯಾಪ್ಸೂಲಿಗೆ ಎರಡು ಸಲ ತಾಗುತ್ತೆ. ಮೂಲದ ತಲೆ ದೊಡ್ಡದು, ಒರಟು ಬಲೆ ಹೊರಗೆ, ನವಿರು ಬಲೆ ಒಳಗೆ. ಒಡಲಿನ ವ್ಯಾಸ 63 ಮಿಲಿಮೀಟರ್. ಅಳತೆಯನ್ನು ಅಚ್ಚುಕಟ್ಟಾಗಿ ಪಾಲಿಸಲೇಬೇಕಾದ ಜಾಗ ಅಂದರೆ ಇದು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು, ನಿಮ್ಮ ಮೊಮ್ಮಗಳೂ ಕೇಳಿಸಿಕೊಳ್ಳಲಿ. ಈ 105 ವೋಲ್ಟು ಡಿಸಿ ಆಟದ ವಸ್ತುವಲ್ಲ, ಪವರ್ ಸಪ್ಲೈಯೊಳಗೆ ಅದಕ್ಕಿಂತ ಹೆಚ್ಚೇ ಇರುತ್ತೆ. ಸ್ವಿಚ್ ಆರಿಸಿದಮೇಲೂ ಕೆಪಾಸಿಟರುಗಳು ಅದನ್ನು ಹಿಡಿದುಕೊಂಡಿರುತ್ತವೆ. ಡಬ್ಬಕ್ಕೆ ಮೂರು ಪಿನ್ನಿನ ಅರ್ತ್ ಗಟ್ಟಿಯಾಗಿ ಕಟ್ಟಬೇಕು, ಕೆಪಾಸಿಟರು ಖಾಲಿಯಾಗೋಕೆ ಬ್ಲೀಡರ್ ರೆಸಿಸ್ಟರು ಇಡಬೇಕು, ಮೀಟರಿನಲ್ಲಿ ಸೊನ್ನೆ ನೋಡದೆ ಒಳಗೆ ಬೆರಳಿಡಬಾರದು. ಅಳೆಯೋವಾಗ ಒಂದು ಕೈ ಬೆನ್ನ ಹಿಂದೆ ಇರಲಿ. ಕಲಿಯೋರು ಅನುಭವ ಇದ್ದೋರ ಪಕ್ಕ ಕೂತು ಮಾಡಬೇಕು.

ಎಲ್ಲಾ ಆದಮೇಲೆ ಇದು ಅಸಲಿಯ ಹಾಗೇ ಕೇಳಿಸುತ್ತಾ ಅಂತ ತಾನೇ ಕೊನೆ ಪ್ರಶ್ನೆ? ಯಾವ ಅಸಲಿ ಅಂತ ನಾನು ತಿರುಗಿ ಕೇಳ್ತೀನಿ. ಒಂದರಲ್ಲಿ ಎಂ 7 ಒಣಗಿದೆ, ಇನ್ನೊಂದರಲ್ಲಿ ಕೆ 47 ಹಾಕಿಸಿದ್ದಾರೆ, ಮತ್ತೊಂದರಲ್ಲಿ ನುವಿಸ್ಟರ್ ಇದೆ. ಇಷ್ಟು ವರ್ಷಗಳಲ್ಲಿ ಆ ಮೈಕುಗಳು ಒಂದರ ಹಾಗೆ ಇನ್ನೊಂದು ಉಳಿದೇ ಇಲ್ಲ. ನನಗೆ ಬೇಕಾದದ್ದು ಇಷ್ಟು: ಒಂದು ಗೇಣು ದೂರದಲ್ಲಿ ಕೂತು ಹಾಡಿದರೆ ತಳದ ಸ್ವರ ತುಂಬಿ ಬರಬೇಕು, ಅಕ್ಷರ ಸ್ಪಷ್ಟವಾಗಿ ನಿಲ್ಲಬೇಕು, ಸ ಕಾರ ಚುಚ್ಚಬಾರದು, ತಂಬೂರಿಯ ಝೇಂಕಾರ ಪೂರ್ತಿಯಾಗಿ ಕೇಳಬೇಕು. ನಿಮ್ಮ ಮನೆಯವರ ದೇವರನಾಮಗಳನ್ನು ಇದರಲ್ಲೇ ಹಿಡಿಯೋಣ ಅಂತ ಆಸೆ ಇದೆ. ಅವರ ಮಂದ್ರದ ದನಿಗೆ ಇದು ಹೇಳಿ ಮಾಡಿಸಿದ ಹಾಗೆ ಹೊಂದುತ್ತೆ.

ಇನ್ನೊಂದು ಕೆಲಸ ಜೊತೆಜೊತೆಗೇ ಮಾಡ್ತಿದ್ದೀನಿ. ಒಂದು ನೋಟುಪುಸ್ತಕದಲ್ಲಿ ಪ್ರತಿ ವಸ್ತುವಿನ ಮುಂದೆ ಅದರ ಅಂಕೆ, ಅದರ ಪಕ್ಕದಲ್ಲಿ ಆ ಅಂಕೆ ಯಾಕೆ ಅಂತ ಬರೆದಿಡ್ತಿದ್ದೀನಿ, ಕನ್ನಡದಲ್ಲೇ. ಇಎಫ್ 86ಗಳೂ ಒಂದು ದಿನ ಮುಗಿಯುತ್ತವೆ, ವಿಎಫ್ 14 ಮುಗಿದ ಹಾಗೆ. ಆವತ್ತು ಈ ಮೈಕನ್ನು ಬಿಚ್ಚೋ ಹುಡುಗ ಅಥವಾ ಹುಡುಗಿ ಬರೀ 5.5 ಓಮು ಅಂತ ಓದಿದರೆ ಅಲ್ಲೇ ನಿಂತುಬಿಡ್ತಾರೆ, 1.1 ವೋಲ್ಟು ಬೇಕಿತ್ತು, ಅದಕ್ಕೆ ಹೀಟರ್ ಕರೆಂಟನ್ನು ಇಲ್ಲಿ ಹಾಯಿಸಿದೆ ಅಂತ ಓದಿದರೆ ಕೈಗೆ ಸಿಕ್ಕ ಯಾವುದೇ ವಾಲ್ವಿಗೆ ಹೊಸ ಲೆಕ್ಕ ಹಾಕಿಕೊಳ್ತಾರೆ. ನೀವು ಇಷ್ಟು ವರ್ಷ ಮಕ್ಕಳಿಗೆ ಹೇಳಿದ್ದೂ ಅದೇ ಅಲ್ವಾ ಮೇಷ್ಟ್ರೇ, ಉತ್ತರದ ಜೊತೆ ಲೆಕ್ಕದ ಹಂತಗಳನ್ನೂ ಬರೀರಿ ಅಂತ? ಮೊಮ್ಮಗಳನ್ನು ಭಾನುವಾರ ಬೆಳಗ್ಗೆ ಕಳಿಸಿಕೊಡಿ. ಪವರ್ ಸಪ್ಲೈಯ ಲೆಕ್ಕ ಇನ್ನೂ ಬರೆದಿಲ್ಲ, ಅವಳ ಕೈಯಲ್ಲೇ ಬರೆಸೋಣ.